ಎರಡನೇ ಸಾಲಿನ ಮೂರನೇ ಮನೆ

ಆ ಕಾಲೊನಿಯಲ್ಲಿ ಇದ್ದದ್ದು ಹದಿನಾರು ಮನೆ. ನಾಲ್ಕು ಸಾಲು, ಸಾಲಿಗೆ ನಾಲ್ಕು. ಕಟ್ಟಿಸಿದವರು ಮನೆಗಳಿಗೆ ನಂಬರು ಹಾಕಿಸುವುದನ್ನು ಮರೆತಿದ್ದರಿಂದ ಜನ ಮೊದಲು ಸಾಲು ಹೇಳಿ ಆಮೇಲೆ ಮನೆ ಹೇಳುತ್ತಿದ್ದರು: ಮೊದಲನೇ ಸಾಲಿನ ಮೂರನೇ ಮನೆ, ನಾಲ್ಕನೇ ಸಾಲಿನ ಕೊನೇ ಮನೆ, ಹೀಗೆ. ಕಾಗದಗಳು ಹಾಗೆಯೇ ಬರುತ್ತಿದ್ದವು, ಜಗಳಗಳೂ ಹಾಗೆಯೇ ನಡೆಯುತ್ತಿದ್ದವು. ಈ ಏರ್ಪಾಡಿನಿಂದ ಯಾರಿಗೂ ಎಳ್ಳಷ್ಟು ತೊಂದರೆ ಆಗಿರಲಿಲ್ಲ, ಕಾರ್ಯದರ್ಶಿಗಳ ಕೈಗೆ ಒಂದು ಮೊಬೈಲ್ ಆಟ ಸಿಗುವ ತನಕ.

ಕಾರ್ಯದರ್ಶಿಗಳೆಂದರೆ ಮೂರನೇ ಸಾಲಿನ ಮೊದಲನೇ ಮನೆಯವರು. ತೂಕ ಅಳತೆಯ ಕಚೇರಿಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಸರಿಯಿದೆಯೇ, ತೂಕದ ಕಲ್ಲು ಸರಿಯಿದೆಯೇ ಎಂದು ನೋಡಿ ಮುದ್ರೆ ಒತ್ತುವ ಕೆಲಸ. ಇಪ್ಪತ್ತೆಂಟು ವರ್ಷ ಇದನ್ನೇ ಮಾಡಿ ಮಾಡಿ, ತಮ್ಮೊಬ್ಬರನ್ನು ಬಿಟ್ಟು ಲೋಕದಲ್ಲಿ ಉಳಿದವರೆಲ್ಲ ಒಂದೆರಡು ಗ್ರಾಂ ಕಡಿಮೆಯೇ ಎಂಬ ಅಭಿಪ್ರಾಯ ಅವರಲ್ಲಿ ಗಟ್ಟಿಯಾಗಿತ್ತು. ಆರು ವರ್ಷಗಳಿಂದ ಕಾಲೊನಿ ಸಂಘದ ಕಾರ್ಯದರ್ಶಿ. ಅವರ ಆಡಳಿತವೆಲ್ಲ ನೋಟೀಸಿನ ಮೂಲಕ.

ಎರಡು ತಿಂಗಳ ಹಿಂದೆ ಅವರು ನೀರಿನ ಟ್ಯಾಂಕಿನ ಗೋಡೆಗೆ ಒಂದು ನೋಟೀಸು ಅಂಟಿಸಿದ್ದರು. 'ಮೊಬೈಲ್ ಆಟ ಬುದ್ಧಿಗೆ ಹತ್ತಿದ ಗೆದ್ದಲು. ಕಾಲೊನಿಯ ಆವರಣದಲ್ಲಿ ಇದನ್ನು ನಿಷೇಧಿಸಲಾಗಿದೆ.' ಯಾರೂ ಕಿತ್ತುಹಾಕಬಾರದೆಂದು ಸಂಘದ ಏಣಿ ಹತ್ತಿ ಎರಡಾಳೆತ್ತರದಲ್ಲಿ ಅಂಟಿಸಿದ್ದರು. ಅದಾದ ಹದಿನೈದು ದಿನಕ್ಕೆ ಇನ್ನೊಂದು ನೋಟೀಸು ಬಂತು. 'ಸಂಘದ ಏಣಿ ಕಾಣೆಯಾಗಿದೆ. ಕದ್ದವರು ತಾವಾಗಿಯೇ ತಂದಿಡತಕ್ಕದ್ದು.' ಏಣಿ ಇರಲಿಲ್ಲವಾದ್ದರಿಂದ ಈ ನೋಟೀಸು ಮೊಣಕಾಲೆತ್ತರದಲ್ಲಿತ್ತು. ಓದಬೇಕೆಂದವರು ಕುಕ್ಕರಗಾಲಿನಲ್ಲಿ ಕೂತು ಓದಿದರು. ಏಣಿ ಮಾತ್ರ ಬರಲಿಲ್ಲ.

ಹೀಗಿರುವಾಗ ಕಾರ್ಯದರ್ಶಿಗಳ ಹೆಂಡತಿಯ ತಮ್ಮ, ಔಷಧಿ ಅಂಗಡಿಯವನು, ಎರಡು ದಿನ ಇರಲು ಬಂದ. ಅವನ ಫೋನಿನಲ್ಲಿ ಒಂದು ಆಟವಿತ್ತು. ದೀಪ ಹಿಡಿದ ಒಬ್ಬ ಪ್ರಯಾಣಿಕ ಹಾಳುಕೋಟೆಯೊಳಗೆ ನಿಧಿ ಹುಡುಕುತ್ತ ಹೋಗುತ್ತಾನೆ, ಒಂದೊಂದು ಬಾಗಿಲಿಗೂ ಒಂದೊಂದು ಒಗಟು. ಕಾರ್ಯದರ್ಶಿಗಳು ಅದನ್ನು ಕಂಡು ಗೆದ್ದಲಿನ ವಿಷಯ ತೆಗೆದರು. ಭಾವಮೈದುನ ಜಗಳಕ್ಕೆ ನಿಲ್ಲಲಿಲ್ಲ. ಇದು ನಿಮ್ಮಂಥವರಿಗಲ್ಲ ಬಿಡಿ ಭಾವ, ಇದಕ್ಕೆ ಸ್ವಲ್ಪ ಲೆಕ್ಕಾಚಾರ ಬೇಕಾಗುತ್ತೆ ಎಂದು ಸಮಾಧಾನವಾಗಿ ಹೇಳಿ ಊಟಕ್ಕೆ ಎದ್ದ.

ಲೆಕ್ಕಾಚಾರ ಎಂಬ ಮಾತು ಕಾರ್ಯದರ್ಶಿಗಳಿಗೆ ನಾಟಿತು. ಭಾವಮೈದುನ ಊರಿಗೆ ಹೊರಡುವಷ್ಟರಲ್ಲಿ ಆಟ ಅವರ ಫೋನಿಗೂ ಬಂದಿತ್ತು. ಹೆಂಡತಿ ಕೇಳಿದ್ದಕ್ಕೆ ಕಚೇರಿಯ ಹೊಸ ಸರ್ವೆ ಎಂದರು. ಆಕೆ ನಂಬಿದರು, ಏಕೆಂದರೆ ಆ ಮುಖದಲ್ಲಿ ಆಟದ ಕಳೆ ಎಂಬುದು ಮದುವೆಯಾದಾಗಿನಿಂದ ಕಂಡಿರಲಿಲ್ಲ.

ಮೊದಲ ಆರು ಬಾಗಿಲು ಸಲೀಸಾಗಿ ತೆರೆದವು. ಏಳನೆಯದು ತೆರೆಯಲಿಲ್ಲ. ಅದು ಹದಿನಾರು ಚೌಕದ ಕಲ್ಲಿನ ಬಾಗಿಲು, ನಾಲ್ಕು ಸಾಲು, ಸಾಲಿಗೆ ನಾಲ್ಕು. ಮೇಲೆ ಹೀಗೆ ಬರೆದಿತ್ತು: 'ಈ ಹದಿನಾರು ಮನೆಗಳಲ್ಲಿ ನಾಲ್ವರು ಕಳ್ಳರಿದ್ದಾರೆ. ಅಡ್ಡ ಸಾಲಿಗೊಬ್ಬ, ಉದ್ದ ಸಾಲಿಗೊಬ್ಬ. ಒಬ್ಬ ಕಳ್ಳನ ಮನೆ ಇನ್ನೊಬ್ಬನ ಮನೆಗೆ ಪಕ್ಕದಲ್ಲೂ ತಾಗದು, ಮೂಲೆಯಲ್ಲೂ ತಾಗದು. ದೀಪವಿರುವ ಮನೆಯಲ್ಲಿ ಕಳ್ಳನಿಲ್ಲ.' ನಾಲ್ಕು ಮನೆ ಆರಿಸಿ ಒತ್ತಬೇಕು. ತಪ್ಪಿದರೆ ಪ್ರಯಾಣಿಕನ ಕಾಲಡಿಯ ನೆಲ ಬಾಯಿ ಬಿಟ್ಟು ಅವನು ಧೊಪ್ಪನೆ ಹಳ್ಳಕ್ಕೆ ಬೀಳುತ್ತಾನೆ.

ಎರಡನೇ ಸಾಲಿನ ಮೂರನೇ ಚೌಕದ ಕಲ್ಲಿನಲ್ಲಿ ಸಣ್ಣದೊಂದು ಬಿರುಕಿತ್ತು. ಕಾರ್ಯದರ್ಶಿಗಳ ಕಣ್ಣು ಮೊದಲ ದಿನವೇ ಅದರ ಮೇಲೆ ಬಿತ್ತು. ಇಷ್ಟು ಎದ್ದು ಕಾಣುವ ಬಿರುಕನ್ನು ಯಾರಾದರೂ ಸುಮ್ಮನೆ ಬಿಡಿಸುತ್ತಾರೆಯೇ? ಒಬ್ಬ ಕಳ್ಳ ಅಲ್ಲಿರುವುದು ಖಂಡಿತ ಎಂದು ಮನಸ್ಸಿನಲ್ಲೇ ಮುದ್ರೆ ಒತ್ತಿ, ಉಳಿದ ಮೂವರನ್ನು ಹುಡುಕತೊಡಗಿದರು. ಪ್ರಯಾಣಿಕ ನಲವತ್ತೊಂದು ಸಲ ಹಳ್ಳಕ್ಕೆ ಬಿದ್ದ.

ದಿನಾ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅವರು ಹಿತ್ತಿಲಿಗೆ ಹೋಗಿ, ಒಣಹಾಕಿದ ಹಾಸಿಗೆ ಹೊದಿಕೆಗಳ ಹಿಂದೆ ಮರೆಯಾಗಿ ನಿಂತು ಭಾವಮೈದುನನಿಗೆ ಫೋನ್ ಮಾಡುತ್ತಿದ್ದರು. ಹೊದಿಕೆ ನೋಟವನ್ನು ತಡೆಯುತ್ತದೆಯೇ ಹೊರತು ಮಾತನ್ನು ತಡೆಯುವುದಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಗೋಡೆಯ ಆಚೆ, ಮೂರನೇ ಸಾಲಿನ ಎರಡನೇ ಮನೆಯಲ್ಲಿ, ಅಂಚೆಮಾವ ಹಲ್ಲುಜ್ಜುತ್ತಿದ್ದರು.

ಅಂಚೆಮಾವ ಮೂವತ್ತೈದು ವರ್ಷ ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಕಾಗದ ಹಂಚುವುದು ನಿಂತಿತು, ಹಂಚುವುದು ನಿಲ್ಲಲಿಲ್ಲ. ಆ ಬೆಳಿಗ್ಗೆ ಅವರ ಕಿವಿಗೆ ಬಿದ್ದ ಮಾತು ಇಷ್ಟು: "ಎರಡನೇ ಸಾಲಿನ ಮೂರನೇ ಮನೇಲಿ ಕಳ್ಳ ಇರೋದು ಗ್ಯಾರಂಟಿ. ನೀನು ಏನ್ ಬೇಕಾದ್ರೂ ಹೇಳು, ನಾನು ಆ ಮನೆ ಬಿಡಲ್ಲ. ಬಿರುಕು ನೋಡಿದ್ರೇನೇ ಗೊತ್ತಾಗುತ್ತಲ್ಲ."

ಅಂಚೆಮಾವ ಬಾಯಲ್ಲಿದ್ದ ನೊರೆ ನುಂಗಿಬಿಟ್ಟರು.

ಎರಡನೇ ಸಾಲಿನ ಮೂರನೇ ಮನೆಯಲ್ಲಿ ಇದ್ದವರು ಬೀಗದಕ್ಕ. ಬಸ್ ನಿಲ್ದಾಣದ ಪಕ್ಕ ಸಣ್ಣ ಪೆಟ್ಟಿಗೆ ಅಂಗಡಿಯಲ್ಲಿ ಬೀಗ ರಿಪೇರಿ ಮಾಡುವವರು, ಕೀಲಿಕೈ ಕಳೆದವರಿಗೆ ಬಾಗಿಲು ತೆಗೆದುಕೊಡುವವರು. ನಲವತ್ತೈದರ ಹೆಂಗಸು, ಮಾತು ಕಡಿಮೆ. ಕಿವಿ ಮಂದವಾದ ತಾಯಿಯೊಡನೆ ಬಂದು ಮೂರು ತಿಂಗಳಾಗಿತ್ತು. ಏಣಿ ಹೋಗಿ ಒಂದೂವರೆ ತಿಂಗಳು. ಅವರ ಮನೆಯ ಮುಂಗೋಡೆಯಲ್ಲಿ ಕಿಟಕಿಯಿಂದ ನೆಲದವರೆಗೆ ಒಂದು ಬಿರುಕೂ ಇತ್ತು. ಅಂಚೆಮಾವನಿಗೆ ಎಲ್ಲವೂ ತಾಳೆಯಾಯಿತು. ಕಳ್ಳಿ ಎನ್ನದೆ ಕಳ್ಳ ಎಂದದ್ದೊಂದು ಸ್ವಲ್ಪ ತೊಡಕಾಗಿತ್ತು. ಗುಟ್ಟು ಕಾಯಲು ಕಾರ್ಯದರ್ಶಿಗಳು ಪುಲ್ಲಿಂಗ ಬಳಸಿದ್ದಾರೆ ಎಂದು ವ್ಯಾಕರಣವನ್ನೂ ತಾವೇ ಸರಿಮಾಡಿಕೊಂಡರು.

ಆದರೂ ಹಳೆಯ ನೌಕರ, ವಿಳಾಸ ಖಚಿತಪಡಿಸಿಕೊಳ್ಳದೆ ವಿತರಣೆ ಮಾಡುವವರಲ್ಲ. ಸಂಜೆ ಕಾರ್ಯದರ್ಶಿಗಳನ್ನು ಟ್ಯಾಂಕಿನ ಹತ್ತಿರ ಹಿಡಿದು, ದನಿ ಇಳಿಸಿ ಕೇಳಿದರು:

"ಎರಡನೇ ಸಾಲು, ಮೂರನೇ ಮನೆ. ಕಳ್ಳ ಅಲ್ಲೇ ಇರೋದು ಅಂತೀರಾ?"

ಕಾರ್ಯದರ್ಶಿಗಳು ಸಿಕ್ಕಿಬಿದ್ದೆ ಎಂದುಕೊಂಡರು. ಮರುಕ್ಷಣ, ಅಷ್ಟು ವಿವರ ಗೊತ್ತಿರಬೇಕಾದರೆ ಈ ಮನುಷ್ಯನೂ ಅದೇ ಬಾಗಿಲ ಮುಂದೆ ನಿಂತಿರಬೇಕು ಎಂದು ತೋರಿ, ಪರದೇಶದಲ್ಲಿ ನಮ್ಮವರೊಬ್ಬರು ಸಿಕ್ಕಷ್ಟು ಸಂತೋಷವಾಯಿತು.

"ನಿಮಗೂ ಹಾಗೇ ಅನ್ಸುತ್ತಾ?"

"ಬಿರುಕು ಇದೆಯಲ್ಲ."

"ಅದೇ ನಾನೂ ಹೇಳೋದು. ನಮ್ಮ ಭಾವಮೈದುನ ಒಪ್ಪಲ್ಲ. ಅದೊಂದು ಗಟ್ಟಿ ಆದ್ರೆ ಉಳಿದ ಮೂವರೂ ತಾವಾಗೇ ಸಿಗ್ತಾರೆ."

"ಇನ್ನೂ ಮೂವರಿದಾರಾ?"

"ಸಾಲಿಗೊಬ್ಬ ಅಂತ ಬರೆದೇ ಇದೆಯಲ್ಲ ಮಾವ. ಯಾರ ಹತ್ರಾನೂ ಬಾಯಿ ಬಿಡಬೇಡಿ. ನನ್ನ ಮರ್ಯಾದೆ ಪ್ರಶ್ನೆ."

ಅಂಚೆಮಾವ ತಮ್ಮ ಬಾಯಿಗೆ ಬೀಗ ಎಂದು ಮಾತು ಕೊಟ್ಟರು. ಮರುದಿನ ಮಧ್ಯಾಹ್ನದೊಳಗೆ ಆ ಮಾತು ಹದಿಮೂರು ಮನೆಗೆ ತಲುಪಿತು. ಬಿಟ್ಟದ್ದು ಕಾರ್ಯದರ್ಶಿಗಳ ಮನೆ, ಬೀಗದಕ್ಕನ ಮನೆ ಮತ್ತು ಅವರ ಸ್ವಂತ ಮನೆ. ಸ್ವಂತ ಮನೆಯಲ್ಲಿ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲ.

ಕಾಲೊನಿ ಬದಲಾಯಿತು. ಸಾಲಿಗೊಬ್ಬ ಕಳ್ಳ ಎಂದ ಮೇಲೆ ಪ್ರತಿ ಸಾಲಿನ ನಾಲ್ಕು ಮನೆಯವರೂ ಪರಸ್ಪರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದರು. ನಾಲ್ಕನೇ ಸಾಲಿನಲ್ಲಿ ಎರಡು ಮನೆಯವರು ಬಟ್ಟಲಲ್ಲಿ ಸಕ್ಕರೆ ಕೊಟ್ಟು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಎರಡನೇ ಸಾಲಿನವರಷ್ಟೇ ನೆಮ್ಮದಿಯಾಗಿದ್ದರು, ತಮ್ಮ ಸಾಲಿನ ಕಳ್ಳ ಯಾರೆಂದು ತೀರ್ಮಾನವಾಗಿತ್ತಲ್ಲ. ಎಲ್ಲರಿಗೂ ಹೊಸ ಬೀಗ ಬೇಕಾಯಿತು. ಒಳ್ಳೆಯ ಬೀಗ ಸಿಗುವುದು ಬೀಗದಕ್ಕನ ಅಂಗಡಿಯಲ್ಲೇ. ಆ ವಾರ ಅವರಿಗೆ ಕೈತುಂಬ ಕೆಲಸ. ಒಬ್ಬೊಬ್ಬರೂ ಬಂದು, ಯಾರೂ ತೆಗೆಯಲಾಗದಂಥ ಬೀಗ ಕೊಡಿ ಎಂದು ಅವರ ಮುಖವನ್ನೇ ನೋಡುತ್ತ ಕೇಳಿದರು. ಬೀಗದಕ್ಕ ಅಂಥದ್ದು ಇನ್ನೂ ಬಂದಿಲ್ಲ ಎಂದು ನಿಜವನ್ನೇ ಹೇಳಿದರು. ಅದನ್ನೂ ಜನ ಸವಾಲು ಎಂದೇ ತಿಳಿದರು.

ಶನಿವಾರ ಸಂಜೆ ಸಂಘದ ಅಧ್ಯಕ್ಷರು ಕಾರ್ಯದರ್ಶಿಗಳ ಮನೆಗೆ ಬಂದರು. ಇವರು ಮೊದಲನೇ ಸಾಲಿನ ಮೂರನೇ ಮನೆ. ಮೊದಲು ಡ್ರೈವಿಂಗ್ ಸ್ಕೂಲ್ ನಡೆಸಿದ್ದವರಾದ್ದರಿಂದ, ಯಾರೇ ಮಾತು ಶುರುಮಾಡಿದರೂ ಅವರ ಬಲಗಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕೈಯಲ್ಲೊಂದು ಟೈಪು ಮಾಡಿದ ಕಾಗದ.

"ನಿಮ್ಮ ಪತ್ತೇದಾರಿಕೆ ವಿಷಯ ಎಲ್ಲ ಗೊತ್ತಾಯ್ತು. ಇಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದೀರಿ, ದೊಡ್ಡದು. ನಾಳೆ ಹತ್ತು ಗಂಟೆಗೆ ಸಭೆ. ಇದಕ್ಕೊಂದು ಸಹಿ ಹಾಕಿ."

ಕಾರ್ಯದರ್ಶಿಗಳು ಓದಿದರು. 'ಎರಡನೇ ಸಾಲಿನ ಮೂರನೇ ಮನೆಯವರ ಕಳ್ಳತನದ ಬಗ್ಗೆ ಕಾರ್ಯದರ್ಶಿಗಳು ನಡೆಸಿದ ದೀರ್ಘ ತನಿಖೆಯ ಆಧಾರದ ಮೇಲೆ, ಸದರಿ ಮನೆಯವರು ಹದಿನೈದು ದಿನದೊಳಗೆ ಮನೆ ಖಾಲಿ ಮಾಡತಕ್ಕದ್ದು.' ಎರಡನೇ ಸಲ ಓದಿದಾಗ ಅರ್ಥವಾಯಿತು. ಅಂಚೆಮಾವ, ಬಿರುಕು, ಸಾಲಿಗೊಬ್ಬ, ಎಲ್ಲ ಒಂದರ ಹಿಂದೊಂದು ಕಣ್ಣಮುಂದೆ ಬಂದವು.

ನಿಜ ಹೇಳಬಹುದಿತ್ತು. ಆದರೆ ನಿಜದ ಜೊತೆಗೆ ಎರಡಾಳೆತ್ತರದ ಆ ನೋಟೀಸೂ ಇತ್ತು. ಕನ್ನಡಕ ಸಿಗುತ್ತಿಲ್ಲ, ನಾಳೆ ಸಹಿ ಮಾಡುತ್ತೇನೆ ಎಂದರು. ಅಧ್ಯಕ್ಷರು ಅವರ ಮೂಗಿನ ಮೇಲಿದ್ದ ಕನ್ನಡಕವನ್ನು ನೋಡಿ, ಪಾಪ ತುಂಬ ದಣಿದಿದ್ದಾರೆ ಎಂದುಕೊಂಡು ಹೋದರು.

ಭಾನುವಾರ ಹತ್ತು ಗಂಟೆಗೆ ಟ್ಯಾಂಕಿನ ಕೆಳಗೆ ಕಾಲೊನಿಯೆಲ್ಲ ಸೇರಿತು. ಬೀಗದಕ್ಕನಿಗೂ ಅಷ್ಟರಲ್ಲಿ ವಿಷಯ ಮುಟ್ಟಿತ್ತು. ಅವರ ತಾಯಿ ಒಂದು ಮಡಿಸುವ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಪಾತ್ರೆ ತುಂಬಿ ಬಾಯಿ ಕಟ್ಟಿದ ಒಂದು ಚೀಲ. ಮಗಳು ಬೇಡವೆಂದರೂ ಮುದುಕಿ ಬೆಳಿಗ್ಗೆಯೇ ಗಂಟು ಕಟ್ಟಿಬಿಟ್ಟಿದ್ದರು. ಹಿಂದಿನ ಎರಡು ಕಡೆಯೂ ಹೀಗೇ ಆಗಿತ್ತಂತೆ. ಎಲ್ಲಾದರೂ ಏನಾದರೂ ಕಳೆದರೆ ಬೀಗ ತೆಗೆಯಬಲ್ಲವರ ಕಡೆಗೇ ಜನ ತಿರುಗುತ್ತಾರೆ. ಕಾರ್ಯದರ್ಶಿಗಳು ಆ ಚೀಲದಿಂದ ದೂರದ ಜಾಗ ನೋಡಿಕೊಂಡು ನಿಂತರು.

ಅಧ್ಯಕ್ಷರು ಕಾಗದ ಓದಿದರು. ಬೀಗದಕ್ಕ ಎದ್ದು ನಿಂತು ಒಂದೇ ಮಾತು ಕೇಳಿದರು.

"ನಾನು ಕದ್ದಿದ್ದನ್ನ ನೋಡಿದೋರು ಯಾರು?"

ಎಲ್ಲರ ಮುಖವೂ ಕಾರ್ಯದರ್ಶಿಗಳ ಕಡೆ ತಿರುಗಿತು. ಅವರು ಮೇಲೆ ತಮ್ಮ ನೋಟೀಸನ್ನು ನೋಡಿದರು, ಕೆಳಗೆ ಆ ಚೀಲವನ್ನು ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದರು.

"ಅದು ಆಟ. ನಾನು ಮೊಬೈಲಲ್ಲಿ ಆಟ ಆಡ್ತಾ ಇದ್ದೆ. ಆ ಮನೆ ಅಂದ್ರೆ ಆಟದ ಮನೆ, ಚೌಕ. ಇವರ ಮನೆ ಅಲ್ಲ."

ಕಾರ್ಯದರ್ಶಿಗಳ ಹೆಂಡತಿ, ಹಾಗಾದರೆ ಸರ್ವೆ ಎಂದು ಅರ್ಧಕ್ಕೆ ನಿಲ್ಲಿಸಿದರು.

ದುರದೃಷ್ಟವೆಂದರೆ ಯಾರೂ ನಂಬಲಿಲ್ಲ. ಕಾರ್ಯದರ್ಶಿಗಳು ಆಟ ಆಡುವುದು ಆಗದ ಹೋಗದ ಮಾತು. ಯಾರೋ ಇವರನ್ನು ಹೆದರಿಸಿದ್ದಾರೆ ಎಂದು ನಾಲ್ಕನೇ ಸಾಲಿನವರು ಗೊಣಗಿದರು. ಅಧ್ಯಕ್ಷರು ಬಲಗಾಲು ಒತ್ತಿ, ನಿಧಾನ, ಭಯಪಡಬೇಡಿ, ನಾವಿದ್ದೇವೆ ಎಂದು ಧೈರ್ಯ ಹೇಳಿದರು. ಆರು ವರ್ಷ ಕಷ್ಟಪಟ್ಟು ಗಳಿಸಿದ ಗಾಂಭೀರ್ಯ ಈಗ ಕಾರ್ಯದರ್ಶಿಗಳ ಕತ್ತಿಗೇ ಬಂದಿತ್ತು. ಅವರು ಫೋನನ್ನು ಎಲ್ಲರಿಗೂ ತೋರಿಸಿದರು. ಅದರಿಂದ ಇನ್ನಷ್ಟು ಕೆಟ್ಟಿತು. ಹದಿನಾರು ಮನೆ, ನಾಲ್ಕು ಸಾಲು, ನಾಲ್ವರು ಕಳ್ಳರು. ಇದು ನಮ್ಮ ಕಾಲೊನಿಯ ನಕ್ಷೆಯೇ ಎಂದು ಅಂಚೆಮಾವ ಘೋಷಿಸಿ, ತಮ್ಮ ಮನೆ ಎಲ್ಲಿದೆಯೆಂದು ಬೆರಳಿಟ್ಟು ಹುಡುಕಿದರು.

"ಇಲ್ಲಿ ಕೊಡಿ," ಎಂದು ಬೀಗದಕ್ಕ ಕೈ ಚಾಚಿದರು.

ಅವರು ಮೇಲಿನ ಬರಹವನ್ನು ಓದಿದರು. ಇನ್ನೊಮ್ಮೆ ಓದಿದರು. ಬೀಗ ಕೈಗೆ ಬಂದಾಗ ಮೊದಲು ಅದರ ತೂತನ್ನು ನೋಡುವ ಹಾಗೆ ಪರದೆಯನ್ನು ಓರೆಮಾಡಿ ನೋಡಿದರು. ಆಮೇಲೆ ನೆಲದ ಮೇಲೆ ಕೂತು, ಒಂದು ಕಡ್ಡಿಯಿಂದ ಮಣ್ಣಿನಲ್ಲಿ ಹದಿನಾರು ಮನೆ ಗೀಚಿದರು. ಜನ ಸುತ್ತ ಬಗ್ಗಿ ನಿಂತರು.

"ನೀವು ಹೇಳಿದ ಹಾಗೇ ಇಟ್ಕೊಳೋಣ. ಎರಡನೇ ಸಾಲಿನ ಮೂರನೇ ಮನೆ, ನಾನೇ ಕಳ್ಳಿ." ಅಲ್ಲೊಂದು ಕಲ್ಲಿಟ್ಟರು. "ನನ್ನ ಮನೆಗೆ ತಾಗಿರೋ ಮನೇಲಿ ಇನ್ನೊಬ್ಬ ಇರೋ ಹಾಗಿಲ್ಲ. ಮೇಲಿನ ಸಾಲಲ್ಲಿ ಎರಡು, ಮೂರು, ನಾಲ್ಕನೇ ಮನೆ ನನಗೆ ತಾಗುತ್ತೆ. ಹಾಗಾದ್ರೆ ಮೊದಲನೇ ಸಾಲಿನ ಕಳ್ಳ ಎಲ್ಲಿರಬೇಕು?"

"ಮೊದಲನೇ ಮನೇಲಿ," ಎಂದರು ಅಂಚೆಮಾವ.

"ಕೆಳಗಿನ ಸಾಲಲ್ಲೂ ಎರಡು, ಮೂರು, ನಾಲ್ಕು ತಾಗುತ್ತೆ. ಆ ಸಾಲಿನ ಕಳ್ಳ?"

"ಅವನೂ ಮೊದಲನೇ ಮನೇಲೇ."

"ಒಂದೇ ಉದ್ದ ಸಾಲಲ್ಲಿ ಇಬ್ಬರಾದ್ರು. ಉದ್ದ ಸಾಲಿಗೊಬ್ಬನೇ ಅಂತ ಬರೆದಿದೆ." ಬೀಗದಕ್ಕ ತಮ್ಮ ಕಲ್ಲನ್ನು ಎತ್ತಿ ಆಚೆ ಎಸೆದರು. "ಅಂದ್ರೆ ನಾನು ಅಲ್ಲ. ಬಿರುಕು ಇದ್ದ ಮಾತ್ರಕ್ಕೆ ಕಳ್ಳರ ಮನೆ ಆಗಲ್ಲ, ಕಾರ್ಯದರ್ಶಿಗಳೇ."

ಕಾರ್ಯದರ್ಶಿಗಳು ಕಲ್ಲು ಬಿದ್ದ ಕಡೆ ನೋಡಿದರು. ನಲವತ್ತೊಂದು ಸಲ ಬಿದ್ದರೂ ಆ ಒಂದು ಮನೆಯನ್ನು ಅವರು ತೂಗಿ ನೋಡಿರಲಿಲ್ಲ. ನಡುವಿನ ನಾಲ್ಕು ಮನೆಗಳಲ್ಲಿ ಯಾವುದರಲ್ಲಿ ಕಲ್ಲಿಟ್ಟರೂ ಹೀಗೇ ಆಗುತ್ತದೆಂದು ಬೀಗದಕ್ಕ ತೋರಿಸಿದರು. ನಾಲ್ಕು ಮೂಲೆ ಮನೆಗಳೂ ಒಂದೊಂದಾಗಿ ಬಿದ್ದುಹೋದವು. ಈಗ ಯಾರಿಗೂ ಸಭೆಯ ನೆನಪಿರಲಿಲ್ಲ. ಸಕ್ಕರೆ ಬಿಟ್ಟ ಎರಡು ಮನೆಯವರು ಒಂದೇ ಕಡ್ಡಿ ಹಿಡಿದು ತಲೆಗೆ ತಲೆ ತಾಗಿಸಿ ಕೂತಿದ್ದರು. ಆಟದಲ್ಲಿ ದೀಪವಿದ್ದದ್ದು ಮೊದಲನೇ ಸಾಲಿನ ಮೂರನೇ ಮನೆಯಲ್ಲಿ, ಅದು ಅಧ್ಯಕ್ಷರ ವಿಳಾಸ. ದೀಪವಿರುವ ಮನೆಯಲ್ಲಿ ಕಳ್ಳನಿಲ್ಲ ಎಂದು ಬೀಗದಕ್ಕ ಓದಿ ಹೇಳಿದಾಗ ಅಧ್ಯಕ್ಷರ ಬಲಗಾಲು ಒಂದು ವಾರದಲ್ಲಿ ಮೊದಲ ಸಲ ಬ್ರೇಕಿನಿಂದ ಮೇಲೆದ್ದಿತು.

ಅಲ್ಲಿಂದ ಮುಂದೆ ಒಂದೇ ದಾರಿ ಉಳಿಯಿತು. ಮೊದಲನೇ ಸಾಲಿನ ಎರಡನೇ ಮನೆ. ಎರಡನೇ ಸಾಲಿನ ನಾಲ್ಕನೇ ಮನೆ. ಮೂರನೇ ಸಾಲಿನ ಮೊದಲನೇ ಮನೆ. ನಾಲ್ಕನೇ ಸಾಲಿನ ಮೂರನೇ ಮನೆ. ಬೀಗದಕ್ಕ ನಾಲ್ಕನ್ನೂ ಒತ್ತಿದರು. ಫೋನಿನೊಳಗೆ ಕಲ್ಲು ಸರಿಯುವ ಸದ್ದಾಗಿ ಬಾಗಿಲು ತೆರೆಯಿತು. ಹದಿನಾರು ಮನೆಯ ಜನ ಚಪ್ಪಾಳೆ ತಟ್ಟಿದರು. ಹೆಚ್ಚು ಜೋರಾಗಿ ತಟ್ಟಿದವರು ಕಾರ್ಯದರ್ಶಿಗಳೇ.

ಚಪ್ಪಾಳೆ ನಿಂತ ಮೇಲೆ ಅಂಚೆಮಾವ, ಅಭ್ಯಾಸಬಲದಿಂದ, ವಿಳಾಸಗಳನ್ನು ಮತ್ತೊಮ್ಮೆ ಓದಿ ನೋಡಿದರು.

"ಮೂರನೇ ಸಾಲಿನ ಮೊದಲನೇ ಮನೆ ನಿಮ್ಮದಲ್ವಾ ಕಾರ್ಯದರ್ಶಿಗಳೇ?"

ಎಲ್ಲರೂ ನಕ್ಕರು. ಕಾರ್ಯದರ್ಶಿಗಳೂ ನಕ್ಕರು. ಅದು ಬರೀ ಆಟ ಎಂದು ಈಗ ಎಲ್ಲರೂ ಒಪ್ಪಿದ್ದರಲ್ಲ. ಅಧ್ಯಕ್ಷರು ಟೈಪು ಮಾಡಿದ ಕಾಗದವನ್ನು ಹರಿದು, ಸಂಘದ ಪರವಾಗಿ ಬೀಗದಕ್ಕನ ಕ್ಷಮೆ ಕೇಳಿದರು. ಮೇಲಿರುವ ಆ ಗೆದ್ದಲಿನ ನೋಟೀಸನ್ನೂ ಈಗಲೇ ತೆಗೆಯಬೇಕೆಂದು ಸರ್ವಾನುಮತದ ನಿರ್ಣಯವಾಯಿತು. ಕಾರ್ಯದರ್ಶಿಗಳು ತಾವೇ ಕೈಯೆತ್ತಿದರು. ತೆಗೆಯುವುದು ಹೇಗೆ ಎಂಬ ಪ್ರಶ್ನೆ ಬಂತು. ಎರಡಾಳೆತ್ತರ, ಸಂಘದ ಏಣಿ ಬೇರೆ ಕಳುವಾಗಿದೆ.

"ಏಣಿ ತಾನೆ?" ಎಂದರು ಕಾರ್ಯದರ್ಶಿಗಳ ಹೆಂಡತಿ. ಇಷ್ಟು ಹೊತ್ತಿಗೆ ತಮ್ಮಿಂದಲೂ ಸಭೆಗೆ ಒಂದು ಉಪಕಾರವಾಯಿತೆಂದು ಆಕೆಗೆ ಸಂತೋಷವಾಗಿತ್ತು. "ನಮ್ಮ ಹಿತ್ತಿಲಲ್ಲಿ ಒಂದಿದೆಯಲ್ಲ. ಇವರೇ ತಂದಿಟ್ಟಿದ್ದು. ಅಡ್ಡ ಕಟ್ಟಿ ಬಟ್ಟೆ ಒಣಗಿಸ್ತಾ ಇದ್ದೀನಿ. ನಿಲ್ಲಿ, ಹೊದಿಕೆ ತೆಗೆದುಬಿಟ್ಟು ತರ್ತೀನಿ."

ಅಂದು ನೋಟೀಸು ಅಂಟಿಸಿ, ಸಂಘದ ಸಾಮಾನು ಕೋಣೆಯ ಬೀಗದ ಕೈ ಕಾಣದೆ, ಏಣಿಯನ್ನು ನಾಳೆ ಇಟ್ಟರಾಯಿತೆಂದು ಹಿತ್ತಿಲಿಗೆ ಹೊತ್ತುಕೊಂಡು ಹೋದದ್ದು ಕಾರ್ಯದರ್ಶಿಗಳಿಗೆ ಆಗ ನೆನಪಾಯಿತು. ಇಷ್ಟು ದಿನ ಅವರು ಕದ್ದ ಮಾಲಿನ ಹಿಂದೆಯೇ ನಿಂತು ಕಳ್ಳನನ್ನು ಹುಡುಕಿದ್ದರು.

"ಹೋಗಿ ತನ್ನಿ," ಎಂದರು ಬೀಗದಕ್ಕ, ಕಾರ್ಯದರ್ಶಿಗಳಿಗೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಕೆಳಗೆ ಹಿಡ್ಕೋತೀನಿ."

ಕಾರ್ಯದರ್ಶಿಗಳು ಮೂರನೇ ಸಾಲಿನಿಂದ ಟ್ಯಾಂಕಿನ ತನಕ ಏಣಿ ಹೊತ್ತು ಬಂದರು. ಒಂದು ದಿಂಬಿನ ಚೀಲ ಇನ್ನೂ ಮೆಟ್ಟಿಲಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಹತ್ತುವ ಮುನ್ನ ಅವರು ಮುದುಕಿಯ ಹತ್ತಿರ ಹೋಗಿ, ಬಗ್ಗಿ, ಆ ಪಾತ್ರೆ ಚೀಲದ ಗಂಟನ್ನು ತಾವೇ ಬಿಚ್ಚಿದರು. ತಪ್ಪಾಯ್ತಮ್ಮ ಎಂದರು. ಮುದುಕಿಗೆ ಕೇಳಿಸಲಿಲ್ಲ. ಕಿವಿಯ ಹತ್ತಿರ ಇನ್ನೊಮ್ಮೆ ಜೋರಾಗಿ ಹೇಳಬೇಕಾಯಿತು, ಕಾಲೊನಿಗೆಲ್ಲ ಕೇಳುವ ಹಾಗೆ.

ಅವರು ಏಣಿಯ ತುದಿಯಲ್ಲಿ ನಿಂತು ನೋಟೀಸು ಕೆರೆಯುತ್ತಿದ್ದಾಗ ಬೀಗದಕ್ಕ ಕೆಳಗಿನಿಂದ ಕೇಳಿದರು.

"ಆ ಬಾಗಿಲ ಒಳಗೆ ಏನಿತ್ತು? ನಿಧಿನಾ?"

ಫೋನ್ ಅಂಚೆಮಾವನ ಕೈಯಲ್ಲಿತ್ತು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಇನ್ನೊಂದು ಬಾಗಿಲಮ್ಮ. ಐದು ಸಾಲು, ಸಾಲಿಗೈದು ಮನೆ, ಐವರು ಕಳ್ಳರು." ಅವರು ಕಾಲೊನಿಯ ನಾಲ್ಕು ಸಾಲನ್ನೂ ಒಮ್ಮೆ ಎಣಿಸಿ, ಉಸಿರು ಬಿಟ್ಟರು. "ಸದ್ಯ, ನಮ್ಮದಲ್ಲ."